ಮಗಳಿಗೊಂದು ಪತ್ರ: ಅತ್ತೆಯವರ ಹೃದಯದ ಬಗ್ಗೆ

ವಿಜಯಪುರ

ಮಗಳೇ,

ಅತ್ತೆಯವರನ್ನು ಆಸ್ಪತ್ರೆಯಿಂದ ಬಾಗಲಕೋಟೆಯ ಮನೆಗೆ ಕರೆತಂದಿದ್ದೀರಿ. ಔಷಧಕ್ಕಿಂತ ಮೊದಲು ಆ ಹೆಸರಿನ ಭಯ ಬಿಡಿಸು. ನಮ್ಮ ಕಡೆ ‘ಹಾರ್ಟ್ ಫೇಲಾತು’ ಅಂದರೆ ಮನುಷ್ಯ ಹೋದ ಅಂತಲೇ ಅರ್ಥ. ಡಾಕ್ಟರು ಹೇಳುವ ಹಾರ್ಟ್ ಫೇಲ್ಯೂರ್ ಅದಲ್ಲ. ಹೃದಯ ನಿಂತಿಲ್ಲ, ಮೈಗೆ ಬೇಕಾದಷ್ಟು ರಕ್ತ ತಳ್ಳುವ ತ್ರಾಣ ಸಾಲುತ್ತಿಲ್ಲ, ಅಷ್ಟೆ. ಎಕೋ, ಅಂದರೆ ಹೃದಯದ ಸ್ಕ್ಯಾನ್ ವರದಿಯಲ್ಲಿ ಇಎಫ್ (ಒಂದು ಬಡಿತಕ್ಕೆ ಹೃದಯ ಹೊರಗೆ ಹಾಕುವ ರಕ್ತದ ಪಾಲು) 35 ಅಂತಿದ್ದರೆ ಉಳಿದ 65 ಕೆಟ್ಟಿದೆ ಅಂತ ಲೆಕ್ಕ ಹಾಕಬೇಡಿ. ಗಟ್ಟಿ ಹೃದಯವೂ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದ ನೂರಕ್ಕೆ 55ರಿಂದ 70 ಭಾಗವನ್ನಷ್ಟೇ ಹೊರಗೆ ಹಾಕುತ್ತದೆ. ಇದನ್ನು ಅವರೆದುರಿಗೇ ಕೂತು ಹೇಳು.

ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದ ಮೇಲೆ, ಚಹಾ ಕುಡಿಯುವ ಮೊದಲು ತೂಕ ನೋಡು. ಯಂತ್ರ ಚಾಪೆಯ ಮೇಲೆ ಬೇಡ, ಸಮನಾದ ಫರಸಿಯ ಮೇಲಿರಲಿ. ಮೂರು ದಿನದಲ್ಲಿ 2 ಕೆಜಿ ಏರಿದರೆ ಅದು ಊಟದ ತೂಕವಲ್ಲ, ನೀರು. ರಕ್ತ ಸಾಲದೆಂದು ಮೂತ್ರಪಿಂಡ ಉಪ್ಪು, ನೀರು ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿಂದ ಐದು ಸೆಕೆಂಡ್ ಒತ್ತು. ಬೆರಳು ತೆಗೆದ ಮೇಲೂ ತಗ್ಗು ಹಾಗೇ ಉಳಿದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡು.

ದಿನಕ್ಕೆ ಒಟ್ಟು ಉಪ್ಪು ಒಂದು ಸಣ್ಣ ಚಮಚ, ಅಂದರೆ 5 ಗ್ರಾಂ ಮೀರಬಾರದು. ಜೋಳದ ರೊಟ್ಟಿಯಿಂದ ತೊಂದರೆಯಿಲ್ಲ. ಅದರ ಜೊತೆಗೆ ಬರುವ ರಂಜಕ, ಶೇಂಗಾ ಚಟ್ನಿ, ಉಪ್ಪಿನಕಾಯಿ, ಹಪ್ಪಳವೇ ಉಪ್ಪಿನ ಗಣಿ. ಅಡಿಗೆ ಸೋಡಾದಲ್ಲೂ ಸೋಡಿಯಂ ಇದೆ. ಲೋ ಸೋಡಿಯಂ ಉಪ್ಪು ಮಾತ್ರ ಕೇಳದೆ ತರಬೇಡ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೈಯಲ್ಲಿ ಪೊಟ್ಯಾಸಿಯಂ ಉಳಿಸುವ ಸ್ಪೈರೊನೊಲ್ಯಾಕ್ಟೋನ್‌ನಂಥ ಗುಳಿಗೆಯ ಜೊತೆ ಸೇರಿದರೆ ಹೃದಯದ ಬಡಿತವೇ ತಪ್ಪಬಹುದು. ಮೊಣಕಾಲು ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ಕೊಡುವುದೂ ಬೇಡ. ನೀರು ತುಂಬಿ ಮತ್ತೆ ಅಡ್ಮಿಟ್ ಆಗುವುದಕ್ಕೆ ಅದೂ ಒಂದು ಕಾರಣ.

ಮೂತ್ರ ಬರಿಸುವ ಗುಳಿಗೆ ಬೆಳಿಗ್ಗೆಯೇ ಆಗಲಿ, ಇಲ್ಲದಿದ್ದರೆ ರಾತ್ರಿ ನಿದ್ದೆ ಕೆಡುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಬೆವರು ಹರಿದು, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಡೋಸ್ ಬದಲಿಸಬೇಕೇ ಅಂತ ಕೇಳು. ನೀನಾಗಿ ನಿಲ್ಲಿಸಬೇಡ.

ಮನಸ್ಸಿನ ವಿಷಯ ಮನೆಯವರ ಕಣ್ಣಿಗೆ ಬೀಳುವುದು ತಡ. ಈ ಕಾಯಿಲೆಯವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಇರುತ್ತದೆ. ಸುಸ್ತು, ನಿದ್ದೆಗೇಡು, ಊಟ ಸೇರದಿರುವುದು ಎರಡರಲ್ಲೂ ಇರುವುದರಿಂದ ಎಲ್ಲವನ್ನೂ ಹೃದಯದ ಲೆಕ್ಕಕ್ಕೇ ಹಾಕಿಬಿಡುತ್ತಾರೆ. ಮೊಮ್ಮಗನ ಮಾತು ಬೇಡ, ಫೋನ್ ಬೇಡ, ‘ನಿಮಗೆಲ್ಲಾ ಭಾರ ಆದೆ’ ಅನ್ನುವ ಮಾತು ಎರಡು ವಾರ ನಡೆದರೆ ಡಾಕ್ಟರಿಗೆ ಹೇಳಲೇಬೇಕು. ಖಿನ್ನತೆ ಬಂದವರು ಗುಳಿಗೆಯನ್ನೂ ಬಿಟ್ಟುಬಿಡುತ್ತಾರೆ. ಖಿನ್ನತೆಯ ಕೆಲವು ಹಳೆಯ ಮಾತ್ರೆಗಳು ಹೃದಯಕ್ಕೆ ಆಗುವುದಿಲ್ಲ, ಅದಕ್ಕೇ ಹೃದಯದ್ದು, ಖಿನ್ನತೆಯದ್ದು ಎರಡೂ ಚೀಟಿ ಇಬ್ಬರು ಡಾಕ್ಟರಿಗೂ ತೋರಿಸು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ನೀನೂ ಮಾತಾಡಬಹುದು, ಮಗಳೇ.

ರಾತ್ರಿ ಉಸಿರು ಕಟ್ಟಿ ಎದ್ದರೆ ‘ಸುಮ್ನೆ ಹೆದರ್ತೀರಿ’ ಅನ್ನಬೇಡ. ಮಲಗಿದಾಗ ಹೆಚ್ಚಾಗಿ, ಎದ್ದು ಕೂತಾಗ ಕಡಿಮೆಯಾದರೆ ಪುಪ್ಪುಸದಲ್ಲಿ ನೀರು ನಿಂತಿರಬಹುದು. ಕೂಡಿಸು, ಬೆನ್ನಿಗೆ ದಿಂಬು ಕೊಡು, ಕಾಲು ಕೆಳಗೆ ಇಳಿಬಿಡಲಿ. ಕಡಿಮೆಯಾಗದಿದ್ದರೆ 108ಕ್ಕೆ ಫೋನ್.

ಮತ್ತೆ, ಕೈಯಿಂದ ಕೆಲಸವನ್ನೆಲ್ಲ ಕಿತ್ತುಕೊಳ್ಳಬೇಡ. ಸೊಪ್ಪು ಸೋಸಲಿ, ಶೇಂಗಾ ಸುಲಿಯಲಿ, ಡಾಕ್ಟರು ಹೇಳಿದಷ್ಟು ನಡೆಯಲಿ. ತೂಕದ ನೋಟ್‌ಬುಕ್ಕಿನಲ್ಲಿ ಅವರೇ ಬರೆಯಲಿ.

ನಿನ್ನ ಅವ್ವ