ಶನಿವಾರದ ಅತ್ತಿಮರದ ಪಾಠ: ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ,

ನಮಸ್ಕಾರ. ಈ ಶನಿವಾರ ಬೆಳಿಗ್ಗೆ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳನ್ನು ಶಾಲೆಯ ಹಿಂದಿನ ಅತ್ತಿಮರದ ಹತ್ತಿರ ಕರೆದುಕೊಂಡು ಹೋಗುತ್ತೇವೆ. ವಿಜ್ಞಾನದ ಮೇಷ್ಟ್ರು ಜೊತೆಗಿರುತ್ತಾರೆ. ಪಾಠ ಜೀವವಿಕಾಸದ್ದು.

ಅತ್ತಿಹಣ್ಣು ಒಡೆದರೆ ಬರೀ ಹುಳ ಅಂತ ನಾವೆಲ್ಲ ಮೂಗು ಮುರಿಯುತ್ತೇವೆ. ಆದರೆ ಆ ಹುಳ, ಅಂದರೆ ಪುಟ್ಟ ಕಣಜ, ಇಲ್ಲದಿದ್ದರೆ ಅತ್ತಿಗೆ ಬೀಜವೇ ಕಟ್ಟುವುದಿಲ್ಲ. ಅತ್ತಿಯ ಹೂಗಳೆಲ್ಲ ಕಾಯಿಯ ಒಳಗೇ ಇರುತ್ತವೆ. ಒಳಗೆ ಹೋಗಲು ತುದಿಯಲ್ಲಿ ಒಂದೇ ಒಂದು ಇಕ್ಕಟ್ಟಾದ ಕಂಡಿ. ಹೆಣ್ಣು ಕಣಜವೊಂದು, ಎಳ್ಳಿನಷ್ಟೇ ದೊಡ್ಡದು, ಅದರಲ್ಲಿ ನುಗ್ಗುತ್ತದೆ. ನುಗ್ಗುವಾಗ ರೆಕ್ಕೆ ಕಿತ್ತುಹೋಗುತ್ತದೆ, ಮೀಸೆಯ ತುದಿಯೂ ಮುರಿಯುತ್ತದೆ. ತಂದ ಪರಾಗವನ್ನು ಹೂಗಳಿಗೆ ಹಾಕಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮುಂದೆ ಆ ಹೂಗಳಿಂದ ಮೊದಲು ಹೊರಬರುವುದು ಗಂಡುಗಳು. ಅವಕ್ಕೆ ರೆಕ್ಕೆಯೇ ಇಲ್ಲ! ಹೆಣ್ಣುಗಳ ಜೊತೆ ಕೂಡಿ, ಕಾಯಿಯ ಗೋಡೆಗೆ ತೂತು ಕೊರೆದರೆ ಅವುಗಳ ಕೆಲಸ ಮುಗಿಯಿತು. ಹೆಣ್ಣುಗಳು ಪರಾಗ ತುಂಬಿಕೊಂಡು ಆ ತೂತಿನಿಂದ ಹಾರಿಹೋಗುತ್ತವೆ. ಒಂದೆರಡು ದಿನದ ಆಯಸ್ಸಿನಲ್ಲಿ ಇನ್ನೊಂದು ಅತ್ತಿಮರ ಹುಡುಕಬೇಕು.

ಈ ಕಣಜದ ತಲೆ ಚಪ್ಪಟೆ. "ಒಳಗೆ ನುಗ್ಗಬೇಕು ಅಂತ ಚಪ್ಪಟೆ ಮಾಡಿಕೊಂಡಿತು" ಎಂದು ಮಕ್ಕಳು ಬರೆಯುತ್ತಾರೆ. ಜಿರಾಫೆ ಕತ್ತು ಚಾಚಿ ಚಾಚಿ ಉದ್ದವಾಯಿತು ಅಂತ ದೊಡ್ಡವರೂ ಹೇಳಿಬಿಡುತ್ತೇವೆ, ಅಲ್ವಾ? ಹಾಗಲ್ಲ. ಯಾವುದಕ್ಕೆ ಹುಟ್ಟುವಾಗಲೇ ತಲೆ ಕೊಂಚ ಚಪ್ಪಟೆ ಇತ್ತೋ ಅದು ಒಳಗೆ ಹೋಯಿತು, ಅದರ ಸಂತಾನ ಉಳಿಯಿತು. ದಪ್ಪ ತಲೆಯದು ಹೊರಗೇ ಉಳಿಯಿತು. ಬೇಕು ಅಂದುಕೊಂಡವರು ಯಾರೂ ಇಲ್ಲ. ಇದು ನಡೆದು ಎಷ್ಟೋ ಕಾಲವಾಯಿತು. ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ಸಿಕ್ಕ, ಸುಮಾರು 3.4 ಕೋಟಿ ವರ್ಷ ಹಳೆಯ ಅತ್ತಿ ಜಾತಿಯ ಮರದ ಕಣಜದ ಪಳೆಯುಳಿಕೆ ಹೆಚ್ಚುಕಡಿಮೆ ಈಗಿನ ಕಣಜದ ಹಾಗೇ ಇದೆ. ಪರಾಗ ತುಂಬಿಕೊಳ್ಳುವ ಜೇಬೂ ಇದೆ.

ನಿಮ್ಮಲ್ಲಿ ಒಂದು ಕೋರಿಕೆ. ಮಗು ಮನೆಗೆ ಬಂದು "ಪ್ರಾಣಿ ಹೀಗೆ ಬದಲಾಯಿಸಿಕೊಂಡಿತು" ಅಂದರೆ ಸುಮ್ನೆ ಹೂಂಗುಟ್ಟಬೇಡಿ. "ಹಾಗಿಲ್ಲದವು ಏನಾದವು?" ಅಂತ ಕೇಳಿ. ಉತ್ತರ ನಿಮಗೆ ಗೊತ್ತಿರಲೇಬೇಕು ಅಂತೇನಿಲ್ಲ.

ತುಂಬು ತೋಳಿನ ಅಂಗಿ ಹಾಕಿ ಕಳಿಸಿ. ಮರದಲ್ಲಿ ಕೆಂಜಿಗದ ಕಾಟ ಜಾಸ್ತಿ. ಹೊರಬರುವ ಕಣಜ ಹಿಡಿಯಲು ಅವು ತೂತಿನ ಬಾಯಲ್ಲೇ ಕಾಯುತ್ತಿರುತ್ತವೆ. ಮನೆಯಲ್ಲಿ ಭೂತಗನ್ನಡಿ ಇದ್ದರೆ ಕೊಟ್ಟು ಕಳಿಸಿ. ಚಾಕು ಬೇಡ, ಕಾಯಿಯನ್ನು ಮೇಷ್ಟ್ರೇ ಕತ್ತರಿಸಿ ಕೊಡುತ್ತಾರೆ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ