ಘಾಟಿಯಲ್ಲಿ ಕೆಲಸ ಮಾಡದ ಸೌಲಭ್ಯಕ್ಕೆ ಜಾಸ್ತಿ ದುಡ್ಡು ಯಾಕೆ?

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಟಾಪ್ ಮಾಡೆಲ್‌ನ ಅಡಾಸ್ (ಕ್ಯಾಮೆರಾದಿಂದ ರಸ್ತೆ ನೋಡಿ ಚಾಲಕರಿಗೆ ನೆರವಾಗುವ ವ್ಯವಸ್ಥೆ) ಸೌಲಭ್ಯದ ಬಗ್ಗೆ ಮಾರುವಾಗ ಕೊಟ್ಟ ತಪ್ಪು ಮಾಹಿತಿ

ಮಾನ್ಯರೇ,

ಕಳೆದ ಬೇಸಿಗೆಯಲ್ಲಿ ನಿಮ್ಮ ಕಂಪನಿಯ ಕಾರು ಕೊಂಡೆವು. ನಮ್ಮ ಮನೆಗೆ ನಡುವಿನ ಮಾಡೆಲ್ ಸಾಕಿತ್ತು. ಆದರೆ ಅಡಾಸ್ ಬೇಕಾದರೆ ಟಾಪ್ ಮಾಡೆಲನ್ನೇ ತೆಗೆದುಕೊಳ್ಳಬೇಕು ಎಂದರು ನಿಮ್ಮ ಷೋರೂಮಿನವರು. ವ್ಯತ್ಯಾಸ ಒಂದೂವರೆ ಲಕ್ಷಕ್ಕೂ ಜಾಸ್ತಿ. "ಗಾಡಿ ತಾನೇ ಓಡ್ತದೆ ಮೇಡಂ, ನೀವು ಸುಮ್ನೆ ಕೂತರೆ ಸಾಕು" ಎಂದು ಹೇಳಿಯೇ ಮಾರಿದರು. ಟೆಸ್ಟ್ ಡ್ರೈವ್ ಮಾಡಿಸಿದ್ದು ಹುಬ್ಬಳ್ಳಿ ಹೊರಗಿನ ನೇರ ಹೆದ್ದಾರಿಯಲ್ಲಿ. ನಮ್ಮ ಮನೆ ಸಿರ್ಸಿ ತಾಲೂಕಿನಲ್ಲಿ, ವಾರಕ್ಕೊಮ್ಮೆಯಾದರೂ ಕುಮಟಾಕ್ಕೆ ಇಳಿಯಬೇಕು ಎಂದು ಬುಕಿಂಗ್ ದಿನವೇ ಹೇಳಿದ್ದೆ. ಆ ರಸ್ತೆಯಲ್ಲಿ ಇದು ನಡೆಯುವುದಿಲ್ಲ ಎಂದು ಯಾರೂ ಹೇಳಲಿಲ್ಲ.

ನಿಮ್ಮ ಕೈಪಿಡಿಯಲ್ಲೇ ಬರೆದಿದೆ: ಲೇನ್ ಹಿಡಿದು ಹೋಗುವ ಸೌಲಭ್ಯ ಗಂಟೆಗೆ 60 ಕಿ.ಮೀ. ದಾಟಿದ ಮೇಲಷ್ಟೇ ಶುರುವಾಗುತ್ತದೆ, ರಸ್ತೆಯ ಗೆರೆ ಸ್ಪಷ್ಟವಾಗಿ ಕಾಣಬೇಕು, ಕಡಿದಾದ ತಿರುವಿರಬಾರದು. ಕುಮಟಾಕ್ಕೆ ಇಳಿಯುವ ದೇವಿಮನೆ ಘಾಟಿಯಲ್ಲಿ 60ರಲ್ಲಿ ಯಾರು ಹೋಗುತ್ತಾರೆ? ರಾಗಿಹೊಸಳ್ಳಿ ದಾಟಿದರೆ ತಿರುವಿನ ಮೇಲೆ ತಿರುವು. ಎದುರಿನಿಂದ ಬಸ್ಸು ಬಂದರೆ ಮಣ್ಣಿನ ಅಂಚಿಗೆ ಇಳಿಯಬೇಕು. ಗೆರೆ ಇದ್ದ ಕಡೆಯೂ ಕೆಸರು ಮುಚ್ಚಿರುತ್ತದೆ. ಮಳೆಗಾಲದಲ್ಲಂತೂ ವೈಪರ್ ಪೂರ್ತಿ ಜೋರಿನಲ್ಲಿ ಓಡುವಾಗ "ಕ್ಯಾಮೆರಾಗೆ ಏನೂ ಕಾಣುತ್ತಿಲ್ಲ" ಎಂಬ ಸೂಚನೆ ಬಂದು ಎಲ್ಲವೂ ಬಂದ್. ಮಂಜು ಕವಿದಾಗಲೂ ಅಷ್ಟೇ. ನಮಗೆ ಸಹಾಯ ಬೇಕಾಗುವುದೇ ಆಗ, ಅಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಯ್ಯುವ ಜಿಲ್ಲೆಯಲ್ಲಿ ಈ ಕಾರನ್ನು ಮಾರುವವರಿಗೆ ಇದು ಗೊತ್ತಿರಲೇಬೇಕು.

ಕೆಳಗೆ ಹೆದ್ದಾರಿ 66ಕ್ಕೆ ಬಂದ ಮೇಲೆ ಕಥೆ ಬೇರೆ. ನಾಲ್ಕು ಪಥದ ಕೆಲಸ ಮುಗಿದ ಕಡೆ ಮುಂದಿನ ಗಾಡಿಯ ವೇಗ ನೋಡಿ ತನ್ನ ವೇಗ ಹೊಂದಿಸಿಕೊಳ್ಳುವ ಕ್ರೂಸ್ ನಿಜಕ್ಕೂ ಚೆನ್ನಾಗಿದೆ. ಒಮ್ಮೆ ಮಿರ್ಜಾನ್ ಹತ್ತಿರ ದನ ಅಡ್ಡ ಬಂದಾಗ ನನ್ನ ಕಾಲು ಬ್ರೇಕ್ ಮುಟ್ಟುವ ಮೊದಲೇ ಕಾರು ಬ್ರೇಕ್ ಹಾಕಿತು. ಹಿಂದೆ ಮಕ್ಕಳಿದ್ದರು. ಆ ಒಂದು ಸೌಲಭ್ಯಕ್ಕೆ ದುಡ್ಡು ಕೊಟ್ಟಿದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಅದನ್ನು ಪಡೆಯಲು ಸನ್‌ರೂಫ್, ದೊಡ್ಡ ಅಲಾಯ್ ಚಕ್ರ, ಘಾಟಿಯಲ್ಲಿ ಮಲಗಿರುವ ಲೇನ್ ಸೌಲಭ್ಯ ಎಲ್ಲಕ್ಕೂ ಕೊಡಬೇಕಾಯಿತು. ಜೀವ ಉಳಿಸುವ ಬ್ರೇಕನ್ನು ಕೆಳಗಿನ ಮಾಡೆಲ್‌ಗೆ ಯಾಕೆ ಕೊಡುವುದಿಲ್ಲ? ಕಡಿಮೆ ದುಡ್ಡಿನ ಕಾರಿನಲ್ಲಿ ಕೂರುವವರ ಮಕ್ಕಳೂ ಮಕ್ಕಳೇ.

ಇನ್ನು "ಸುಮ್ನೆ ಕೂತರೆ ಸಾಕು" ಎಂಬ ಮಾತು. ಸ್ವಯಂ ಚಾಲನೆಗೆ 0ಯಿಂದ 5ರವರೆಗೆ ಆರು ಹಂತಗಳಿವೆ. ನಿಮ್ಮ ಕಾರು ಇರುವುದು 2ರಲ್ಲಿ. ಅಂದರೆ ಕೈ ಸ್ಟೀರಿಂಗ್ ಮೇಲೆ, ಕಣ್ಣು ರಸ್ತೆ ಮೇಲೆ, ಹೊಣೆ ಚಾಲಕರದ್ದೇ. ಹೆದ್ದಾರಿಯಲ್ಲಿ ಕಾಮಗಾರಿಗಾಗಿ ದಾರಿ ತಿರುಗಿಸಿದ ಕಡೆ ಹಳೆ ಗೆರೆ, ಹೊಸ ಗೆರೆ ಎರಡೂ ಇರುತ್ತವೆ. ಅಂಥಲ್ಲಿ ಕಾರು ಹಳೆ ಗೆರೆಯ ಕಡೆ ಸ್ಟೀರಿಂಗ್ ಎಳೆದಿದೆ. ನಾನು ಗಟ್ಟಿಯಾಗಿ ಹಿಡಿದಿದ್ದೆ. ಸೇಲ್ಸಿನವರ ಮಾತು ನಂಬಿ ಕೈ ಬಿಟ್ಟವರ ಗತಿ ಏನು? 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ, ಮಳೆ ದಿನ ಅಂಕೋಲಾ ದಾರಿಯಲ್ಲಿ ನಾವು ರಸ್ತೆಯ ಜೊತೆ ಗುಡ್ಡವನ್ನೂ ನೋಡುತ್ತಾ ಹೋಗುತ್ತೇವೆ. ನಿಮ್ಮ ಕ್ಯಾಮೆರಾ ಗುಡ್ಡ ನೋಡುವುದಿಲ್ಲ. ಇಲ್ಲಿ ಸುಮ್ಮನೆ ಕೂರಲು ಹೇಳುವುದು ಅಪಾಯ.

ಖರ್ಚು ಅಲ್ಲಿಗೂ ಮುಗಿಯಲಿಲ್ಲ. ಟಿಪ್ಪರಿನಿಂದ ಜಲ್ಲಿ ಸಿಡಿದು ಮುಂದಿನ ಗಾಜು ಬದಲಿಸಬೇಕಾಯಿತು. ಗಾಜು ಬದಲಾದರೆ ಕ್ಯಾಮೆರಾವನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಬೇಕಂತೆ, ಅಂದರೆ ಅದರ ನೋಟ ಸರಿಹೊಂದಿಸಬೇಕಂತೆ. ಅದಕ್ಕೆ ಹುಬ್ಬಳ್ಳಿಗೇ ಬನ್ನಿ ಎಂದರು. ಇಲ್ಲಿಂದ ಸುಮಾರು ನೂರು ಕಿ.ಮೀ.

ಈಗ ನನ್ನ ತಮ್ಮ ಕಾರು ಕೊಳ್ಳಲು ಹೊರಟಿದ್ದಾನೆ. ಅಡಾಸ್‌ಗೆ ಜಾಸ್ತಿ ಕೊಡಬೇಕಾ ಎಂದು ಕೇಳುತ್ತಿದ್ದಾನೆ. ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿಯಲ್ಲೇ ದಿನಾ ಓಡಾಡುವವನಾದರೆ ಕೊಡು ಎನ್ನುತ್ತಿದ್ದೆ. ಅವನ ಓಡಾಟವೂ ಘಾಟಿಯಲ್ಲೇ. ಹಾಗಾಗಿ ಬೇಡ ಎಂದಿದ್ದೇನೆ. ಈ ಮಾತನ್ನು ನಿಮ್ಮ ಷೋರೂಮಿನವರೇ ಗ್ರಾಹಕರಿಗೆ ಹೇಳಬೇಕು. ಕೊಳ್ಳುವವರು ದಿನಾ ಓಡಾಡುವ ರಸ್ತೆಯಲ್ಲೇ ಟೆಸ್ಟ್ ಡ್ರೈವ್ ಕೊಡಿ. ಈ ಸೌಲಭ್ಯ ಯಾವ ವೇಗ, ಯಾವ ಹವಾಮಾನ, ಎಂಥ ರಸ್ತೆಯಲ್ಲಿ ನಡೆಯುತ್ತದೆ ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಬುಕಿಂಗ್‌ಗೆ ಮೊದಲೇ ಕೈಗಿಡಿ. ಅಮೆರಿಕದಲ್ಲಿ ಟೆಸ್ಲಾ ಇಂಥ ಸೌಲಭ್ಯವನ್ನು ತಿಂಗಳ ಬಾಡಿಗೆಗೆ ಕೊಡುತ್ತದೆ. 2024ರಲ್ಲಿ ಆ ಬಾಡಿಗೆಯನ್ನು 99 ಡಾಲರ್‌ಗೆ ಇಳಿಸಿತು. ಬೇಡವಾದರೆ ಬಿಡಬಹುದು. ನಮ್ಮಲ್ಲೂ ಹಾಗೆ ಮಾಡಿದರೆ ಮಳೆಗಾಲದ ದುಡ್ಡಾದರೂ ಉಳಿಯುತ್ತದೆ.

ನನ್ನ ಬೇಡಿಕೆ ಇಷ್ಟು: ಕ್ಯಾಲಿಬ್ರೇಷನ್ ಖರ್ಚನ್ನು ನೀವು ಭರಿಸಿ, ನಮಗೆ ಕೆಲಸಕ್ಕೆ ಬಾರದ ಲೇನ್ ಸೌಲಭ್ಯದ ಪಾಲಿನ ಹಣ ವಾಪಸ್ ಕೊಡಿ, ಷೋರೂಮಿನ ಆ ಮಾತಿಗೆ ಲಿಖಿತ ಉತ್ತರ ಕೊಡಿ. 30 ದಿನಗಳೊಳಗೆ ಉತ್ತರ ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಿಲ್, ಬುಕಿಂಗ್ ಫಾರ್ಮ್, ಕೈಪಿಡಿಯ ಆ ಪುಟಗಳ ಪ್ರತಿ ಇದರ ಜೊತೆಗಿವೆ.

ಇಂತಿ,
ಸಿರ್ಸಿ ತಾಲೂಕಿನ ನಿಮ್ಮ ಗ್ರಾಹಕಿ