ವಲಿಯಪರಂಬದ ತೀರಕ್ಕೆ ದೊಡ್ಡ ದೀಪ ಬೇಡ

ಸಂಪಾದಕರಿಗೆ ನಮಸ್ಕಾರ.

ರಜೆ ಬಂತೆಂದರೆ ನಮ್ಮ ಕಡೆ ಈಗ ಲಕ್ಷದ್ವೀಪ, ಮಾಲ್ಡೀವ್ಸ್ ಮಾತೇ ಜಾಸ್ತಿ. ನಮ್ಮ ಮನೆಯ ಮಕ್ಕಳಿಗೂ ದ್ವೀಪ ನೋಡಬೇಕಿತ್ತು. ಅಷ್ಟು ಖರ್ಚು ನಮ್ಮಿಂದ ಆಗದು. ಆಗ ಮೈದುನ, "ಅತ್ತಿಗೆ, ನಮ್ಮ ಜಿಲ್ಲೆಯಲ್ಲೇ ದ್ವೀಪ ಇದೆಯಲ್ಲ, ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು" ಎಂದ. ಹಾಗೆ ಜನವರಿಯ ಒಂದು ಶನಿವಾರ ಅತ್ತೆಯವರನ್ನೂ ಕರೆದುಕೊಂಡು ನಾವು ಏಳು ಮಂದಿ ಕುಂಬಳೆಯಿಂದ ಹೊರಟೆವು. ಹುಟ್ಟಿ ಬೆಳೆದದ್ದು ಇದೇ ಕಾಸರಗೋಡು ಜಿಲ್ಲೆಯಲ್ಲಿ. ಬೇಕಲ ಕೋಟೆಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಅಲ್ಲಿಂದ ಸುಮಾರು 30 ಕಿಲೋಮೀಟರ್ ತೆಂಕಿಗಿರುವ ವಲಿಯಪರಂಬವನ್ನು ಮಾತ್ರ ಅಂದಿನವರೆಗೆ ನೋಡಿರಲಿಲ್ಲ.

ಸುಮಾರು 24 ಕಿಲೋಮೀಟರ್ ಉದ್ದದ ಮರಳಿನ ಪಟ್ಟಿ ಅದು. ಪಡುವಲ್ಲಿ ಕಡಲು, ಮೂಡಲ್ಲಿ ಕವ್ವಾಯಿ ಹಿನ್ನೀರು. ಕೆಲವು ಕಡೆ ಎಷ್ಟು ಕಿರಿದು ಅಂದರೆ ಕಡಲಿಗೆ ಬೆನ್ನು ಹಾಕಿ ನಿಂತರೆ ತೆಂಗಿನ ಮರಗಳ ಸಂದಿಯಿಂದ ಹಿನ್ನೀರು ಕಾಣುತ್ತದೆ. ಹಿನ್ನೀರಿನಲ್ಲಿ ಬಿದಿರಿನ ಕಂಬ ನೆಟ್ಟು, ಹಗ್ಗ ಇಳಿಬಿಟ್ಟು ಕಲ್ಲುಮ್ಮಕಾಯಿ ಎಂಬ ಚಿಪ್ಪುಮೀನು ಬೆಳೆಸುತ್ತಾರೆ. ಹತ್ತಿರದ ಪಡನ್ನದ ಕಡೆ ಈ ಕೆಲಸದಲ್ಲಿ ಹೆಂಗಸರ ಗುಂಪುಗಳೂ ಇವೆ. ಜನ ಬದುಕುವ ಊರು ಅದು, ಅದಕ್ಕೆ ತನ್ನದೇ ಪಂಚಾಯತೂ ಇದೆ. ಯಾರೂ ಇಲ್ಲದ ದ್ವೀಪ ಅಂದುಕೊಂಡು ಹೋಗಬಾರದು.

ಕಡಲ ಬದಿಗೆ ಹೋದಾಗ ನಮಗೆ ಮಾತೇ ಬರಲಿಲ್ಲ. ಅಂಗಡಿ ಇಲ್ಲ, ಹಾಡಿನ ಗದ್ದಲ ಇಲ್ಲ, ಕಣ್ಣು ಹಾಯುವಷ್ಟು ದೂರ ಬರೀ ಮರಳು. ಮರಳಿನ ಮೇಲೆ ನೇರಳೆ ಹೂವಿನ ಬಳ್ಳಿ ಹಬ್ಬಿತ್ತು, ಅಲ್ಲಿಯವರು ಅಡುಂಬು ಅನ್ನುತ್ತಾರೆ. ಗಾಳಿಗೆ ಮರಳು ಹಾರಿ ಹೋಗದ ಹಾಗೆ ಹಿಡಿದಿಡುವುದು ಅದೇ. ಮಂಡಿನೋವು ಎಂದು ಮನೆಯಿಂದ ಹೊರಡಲು ಒಪ್ಪದ ಅತ್ತೆ ಚಪ್ಪಲಿ ಕಳಚಿಟ್ಟು ಅರ್ಧ ಗಂಟೆ ನಡೆದರು.

ಅಲ್ಲಿ ಬಲೆ ಸರಿಮಾಡುತ್ತಿದ್ದ ಒಬ್ಬ ಅಜ್ಜ ಮಕ್ಕಳನ್ನು ಕರೆದು ಮರಳಿನ ಮೇಲೊಂದು ಗುರುತು ತೋರಿಸಿದರು. ಸಣ್ಣ ಟ್ರ್ಯಾಕ್ಟರ್ ಚಕ್ರ ಹೋದ ಹಾಗಿತ್ತು. ಕಡಲಿನಿಂದ ಮೇಲೆ ಬಂದು, ತಿರುಗಿ ಕಡಲಿಗೇ ಹೋಗಿತ್ತು. "ಆಮೆ ಬಂದದ್ದು ಮಗಳೇ, ರಾತ್ರಿ" ಅಂತ ಮಲಯಾಳದಲ್ಲಿ ಹೇಳಿದರು. ನನ್ನ ಮಗಳು ಆ ಗುರುತನ್ನು ತುಳಿಯದೆ ಅದರ ಬದಿಯಲ್ಲೇ ನೀರಿನವರೆಗೂ ಹೋದಳು.

ಈ ಪತ್ರ ಬರೆಯಲು ಕಾರಣವೂ ಆ ಗುರುತೇ. ಅದೇ ಹೊತ್ತಿಗೆ ನಮ್ಮ ಹಾಗೆಯೇ ನೋಡಲು ಬಂದಿದ್ದ ಇನ್ನೊಂದು ಗುಂಪಿನವರು, "ಇಲ್ಲಿ ನಾಲ್ಕು ಹೈಮಾಸ್ಟ್ ದೀಪ, ಸಾಲಾಗಿ ಅಂಗಡಿ ಹಾಕಿದರೆ ಒಳ್ಳೆ ಬೀಚ್ ಆಗುತ್ತಿತ್ತು" ಎಂದು ಮಾತಾಡಿಕೊಳ್ಳುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಆ ದೀಪ ಬಂದರೆ ಆಮೆ ಬರಲು ಹಿಂಜರಿಯುತ್ತದೆ.

ಆಲಿವ್ ರಿಡ್ಲೆ ಕಡಲಾಮೆಗಳು ನಮ್ಮ ತೀರಕ್ಕೆ ಚಳಿಗಾಲದ ರಾತ್ರಿಗಳಲ್ಲಿ ಮೊಟ್ಟೆ ಇಡಲು ಬರುತ್ತವೆ. ಒಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆ. ಮರಿಯಾಗಲು ಒಂದೂವರೆ ತಿಂಗಳಿಗಿಂತ ಜಾಸ್ತಿ ಬೇಕು. ಮರಳಿನಿಂದ ಮೇಲೆ ಬಂದ ಮರಿಗೆ ದಾರಿ ಹೇಳುವ ತಾಯಿ ಅಲ್ಲಿರುವುದಿಲ್ಲ. ಯಾವ ಕಡೆ ಬೆಳಕು ಹೆಚ್ಚೋ ಆ ಕಡೆ ಹೋಗುತ್ತದೆ. ಕತ್ತಲಾದ ತೀರದಲ್ಲಿ ಕಡಲಿನ ಕಡೆಯೇ ಬೆಳಕು ಹೆಚ್ಚು. ಹಿಂದೆ ದೊಡ್ಡ ದೀಪವಿದ್ದರೆ ಮರಿ ರಸ್ತೆಯ ಕಡೆ ಹೋಗುತ್ತದೆ. ಅಲ್ಲಿ ನಾಯಿ, ಕಾಗೆ, ಬಿಸಿಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಆಮೆಗೆ ಎಲ್ಲಕ್ಕಿಂತ ಹೆಚ್ಚಿನ ರಕ್ಷಣೆ ಕೊಟ್ಟಿದೆ. ಸ್ವಲ್ಪ ಬಡಗಿಗೆ, ನೀಲೇಶ್ವರದ ತೈಕಡಪ್ಪುರದಲ್ಲಿ ನೆಯ್ದಲ್ ಎಂಬ ತಂಡದವರು ವರ್ಷಗಳಿಂದ ಮೊಟ್ಟೆಗಳನ್ನು ಕಾಪಾಡಿ, ಮರಿಗಳನ್ನು ಕಡಲಿಗೆ ಬಿಡುತ್ತಿದ್ದಾರೆ. ಅಷ್ಟು ಕಷ್ಟಪಟ್ಟು ಬಿಟ್ಟ ಮರಿ ದೊಡ್ಡದಾಗಿ, ತಾನು ಹುಟ್ಟಿದ ತೀರವನ್ನೇ ಹುಡುಕಿಕೊಂಡು ಬರುವಾಗ ಇಲ್ಲಿ ಕತ್ತಲೆ ಉಳಿದಿರಬೇಕು ಅಲ್ವಾ?

ಊರಿನವರು ಕತ್ತಲಲ್ಲಿ ಕೂರಬೇಕು ಅಂತ ನಾನು ಖಂಡಿತ ಹೇಳುತ್ತಿಲ್ಲ. ಮನೆಗೆ, ದಾರಿಗೆ, ಬೋಟು ಕಟ್ಟೆಗೆ ದೀಪ ಬೇಕೇ ಬೇಕು. ಅದು ತಗ್ಗಿನಲ್ಲಿರಲಿ, ಬೆಳಕು ಕೆಳಗೆ ಬೀಳುವ ಹಾಗೆ ಮುಚ್ಚಳ ಇರಲಿ, ಕಡಲಿನ ಕಡೆ ತಿರುಗದಿರಲಿ. ಬಿಳಿ ಬೆಳಕಿಗಿಂತ ಕೆಂಪು, ಕಿತ್ತಳೆ ಬೆಳಕಿನಿಂದ ಆಮೆಗೆ ತೊಂದರೆ ಕಡಿಮೆ. ಪ್ರವಾಸಿಗರಿಗಾಗಿ ಖರ್ಚು ಮಾಡುವುದೇ ಆದರೆ ಒಂದು ಶುಚಿಯಾದ ಶೌಚಾಲಯ ಕಟ್ಟಿಸಲಿ. ಅದಕ್ಕೆ ಅವತ್ತು ನಾವು ಹೆಂಗಸರು ಪಟ್ಟ ಪಾಡು ಬೇಡ. ಕಡಲಿಗೆ ಇಳಿಯುವವರನ್ನು ಎಚ್ಚರಿಸಲು ಒಂದು ಫಲಕ ಬೇಕು, ಮಲಯಾಳದ ಜೊತೆ ಕನ್ನಡದಲ್ಲೂ. ಅಲೆ ಜೋರಿತ್ತು, ಕಾವಲಿನವರು ಯಾರೂ ನಮಗೆ ಕಾಣಲಿಲ್ಲ. ಮಕ್ಕಳನ್ನು ನಾವು ಮೊಣಕಾಲು ನೀರಿನಿಂದ ಮುಂದೆ ಬಿಡಲಿಲ್ಲ.

ಪತ್ರ ಓದಿ ಜನ ಅಲ್ಲಿಗೆ ಮುಗಿಬಿದ್ದರೆ ಎಂಬ ಭಯ ನನಗೂ ಇದೆ. ಆದರೂ ನಮ್ಮ ಜಿಲ್ಲೆಯ ಮಕ್ಕಳು ಇದನ್ನು ನೋಡಬೇಕು ಅಂತ ಆಸೆ. ಹೋಗುವವರು ರೈಲಿನಲ್ಲಿ ಚೆರ್ವತ್ತೂರಿಗೆ ಹೋಗಿ ಇಳಿಯಿರಿ. ದ್ವೀಪಕ್ಕೆ ಈಗ ಸೇತುವೆ ಇದೆ. ಬುತ್ತಿ, ನೀರು ಮನೆಯಿಂದಲೇ ಒಯ್ಯಿರಿ, ಖಾಲಿ ಬಾಟಲಿ, ಪ್ಲಾಸ್ಟಿಕ್ ತೊಟ್ಟೆ ಎಲ್ಲ ವಾಪಸ್ ತನ್ನಿ. ಅಡುಂಬು ಬಳ್ಳಿ ಕೀಳಬೇಡಿ. ಸೂರ್ಯ ಮುಳುಗುವುದನ್ನು ನೋಡಿ, ಪೂರ್ತಿ ಕತ್ತಲಾಗುವ ಮೊದಲು ಮರಳಿನಿಂದ ಎದ್ದು ಬನ್ನಿ.

– ಓದುಗರು, ಕುಂಬಳೆ